ಅಕ್ಕನ ತೂಕ

೧೯೭೮ನೇ ಇಸವಿ ಜನವರಿ ಹದಿನಾರು, ಸೋಮವಾರ. ಬೆಳಿಗ್ಗೆ ದಟ್ಟವಾಗಿ ಮಂಜು ಬಿದ್ದಿತ್ತು. ಗಾಳಿ ಇರಲಿಲ್ಲ.

"ವಸ್ತಾದರೆ, ದಿನಾ ಎತ್ತೋ ಕಲ್ಲು ಹಗುರವಾಗಿದೆ. ಮೈ ಮಾತ್ರ ಇದ್ದ ಹಾಗೇ ಇದೆ. ಇದು ಹೇಗೆ?" ಎಂದು ಷಡಕ್ಷರಿ ಕೇಳಿದ.

ದಸರೆಯ ನಂತರ ಅವನು ಕೋಟೆ ಬೀದಿಯ ಈ ಗರಡಿಗೆ ಸೇರಿದ್ದ. ಹೋದ ವರ್ಷ ಪೊಲೀಸ್ ಆಯ್ಕೆಗೆ ಹೋದಾಗ ಎದೆಗೆ ಟೇಪು ಹಿಡಿದವನು ತಲೆ ಅಲ್ಲಾಡಿಸಿ ಕಳುಹಿಸಿಬಿಟ್ಟಿದ್ದ. ಬೇಸಿಗೆಯಲ್ಲಿ ಇನ್ನೊಂದು ಆಯ್ಕೆ ಇತ್ತು. ಅದು ತಪ್ಪಿದರೆ ವಯಸ್ಸು ಮೀರುತ್ತಿತ್ತು. ಅಣ್ಣ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅಣ್ಣನ ಮನೆಯಲ್ಲೇ ಇವನ ಊಟ, ಇವನ ನಿದ್ದೆ.

ಕುಸ್ತಿ ಕಲಿಸುವ ವಸ್ತಾದ್ ಮಾಯಣ್ಣ ಮಟ್ಟಿಯ ಕೆಮ್ಮಣ್ಣನ್ನು ಸಲಿಕೆಯಿಂದ ತಿರುವಿ ಹಾಕುತ್ತಿದ್ದರು. ಪಕ್ಕದಲ್ಲಿ ಬಸ್ಕಿ ಹೊಡೆಯುತ್ತಿದ್ದ ಜವರ ಮಧ್ಯೆ ಬಾಯಿ ಹಾಕಿದ.

"ಇವನ ಮೈ ಎಲ್ಲಿಗೂ ಹೋಗಿಲ್ಲ ವಸ್ತಾದರೆ. ಇನ್ನೂ ಬಂದೇ ಇಲ್ಲ, ಅಷ್ಟೆ."

"ನೀನು ನಿನ್ನ ಬಸ್ಕಿ ಹೊಡಿ," ಎಂದರು ಮಾಯಣ್ಣ. ಆಮೇಲೆ ಷಡಕ್ಷರಿಗೆ ಹೇಳಿದರು: "ಮೊದಲು ಬಲ ಬರುತ್ತೆ. ಮೈ ಅದರ ಹಿಂದೆ ನಿಧಾನವಾಗಿ ಬರುತ್ತೆ. ಎಲ್ಲರಿಗೂ ಹಾಗೇನೆ."

"ಬೇಗ ಬರಬೇಕಾದರೆ? ಇನ್ನೂ ಹೆಚ್ಚು ತಿನ್ನಲಾ? ತಿನ್ನೋದಕ್ಕೆ ತೊಂದರೆ ಇಲ್ಲ. ಮನೇಲಿ ಕೊಡ್ತಾರೆ."

ಅಷ್ಟರಲ್ಲಿ ಬಾಗಿಲಲ್ಲಿ ಬಳೆಯ ಸದ್ದಾಯಿತು. ಷಡಕ್ಷರಿಯ ಅತ್ತಿಗೆ ಗಿರಿಜಮ್ಮ ಬಂದಿದ್ದರು. ಹೆಂಗಸರು ಗರಡಿಯ ಹೊಸ್ತಿಲು ದಾಟುವ ವಾಡಿಕೆ ಇರಲಿಲ್ಲ. ಅವರು ಹೊರಗೇ ನಿಂತು, ಬಟ್ಟೆ ಮುಚ್ಚಿದ ಚೊಂಬನ್ನು ಒಳಕ್ಕೆ ಚಾಚಿದರು.

"ಹಾಲು ಕುಡೀದೆ ಓಡಿ ಬಂದಿದ್ದೀಯಲ್ಲಪ್ಪಾ. ಆರಿಹೋಗುತ್ತೆ ಅಂತ ತಂದೆ."

ಚೊಂಬು ಎತ್ತಿ ಹಿಡಿದಾಗ ಅವರ ಕೈಬಳೆಗಳು ಮೊಣಕೈವರೆಗೂ ಜಾರಿದವು. ಮಾಯಣ್ಣ ಆ ಕೈಯನ್ನೇ ನೋಡುತ್ತಿದ್ದರು. ಷಡಕ್ಷರಿಗೆ ಅದು ಅಷ್ಟು ಸರಿಯೆನಿಸಲಿಲ್ಲ. ಅವನು ಬೇಗನೆ ಚೊಂಬು ತೆಗೆದುಕೊಂಡು ಅತ್ತಿಗೆಯನ್ನು ಕಳುಹಿಸಿ, ನಿಂತಲ್ಲೇ ಹಾಲು ಕುಡಿದು ಬಾಯಿ ಒರೆಸಿಕೊಂಡ.

ಮಾಯಣ್ಣ ಸಲಿಕೆಯನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕುಳಿತರು. "ಕೂತ್ಕೋ," ಎಂದು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬಳು ಅಕ್ಕ. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಕಾಲುಗಳ ಶಕ್ತಿ ಹೋಗಿತ್ತು. ತಂದೆ ತಾಯಿ ಇಲ್ಲದ ಮನೆ. ಕುಳಿತಲ್ಲಿಂದಲೇ ಅವಳು ತಮ್ಮನನ್ನು ಸಾಕಿದ್ದಳು. ಈಗ ಅವನ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದಳು, ಒಲೆಯ ಮುಂದೆ ಕುಳಿತು ಅಡಿಗೆ ಮಾಡುತ್ತಿದ್ದಳು. ಮಲಗುವ ಕೋಣೆ ಒಳಗೆ, ಮಗ್ಗ ಬೀದಿ ಬದಿಗೆ. ದಿನಾ ಬೆಳಿಗ್ಗೆ ನೇಕಾರ ಅವಳನ್ನು ಎತ್ತಿ ತಂದು ಮಗ್ಗದ ಪಕ್ಕ ಕೂರಿಸಬೇಕು, ಸಂಜೆ ಒಳಗೆ ಒಯ್ಯಬೇಕು. ಅವಳದು ದೊಡ್ಡ ಮೈ. ಅವನದು ಕಡ್ಡಿಯಂಥ ಮೈ.

ಒಂದು ದಿನ ಹೊಸ್ತಿಲಲ್ಲಿ ಅವನ ಕಾಲು ತಡವರಿಸಿತು. ಇಬ್ಬರೂ ಬಿದ್ದರು. ಅಕ್ಕನ ಭುಜ ಊದಿಕೊಂಡಿತು.

ಅವಳು ನಕ್ಕಳು. "ನೂಲು ಹಿಡಿಯೋ ಕೈ, ನನ್ನನ್ನ ಹೇಗೆ ಹಿಡಿದೀತು ಹೇಳು. ಒಳಗೇ ಬಿಟ್ಟುಬಿಡೋ. ಕೆಲಸ ಅಲ್ಲೇ ಮಾಡ್ತೀನಿ."

ಒಳಕೋಣೆಗೆ ಕಿಟಕಿ ಇರಲಿಲ್ಲ. ಬೀದಿ ಕಾಣುತ್ತಿರಲಿಲ್ಲ. ಉಳಿದ ಆಯುಷ್ಯವನ್ನೆಲ್ಲ ಅಕ್ಕ ಅಲ್ಲಿ ಕಳೆಯುವುದು ನೇಕಾರನಿಗೆ ಒಪ್ಪಿಗೆಯಾಗಲಿಲ್ಲ. ಅವನು ಗರಡಿಗೆ ಹೋಗಿ ವಸ್ತಾದನ ಕಾಲಿಗೆ ಬಿದ್ದ.

ವಸ್ತಾದ ಹೇಳಿದ: "ಒಂದು ಚೀಲಕ್ಕೆ ಮರಳು ತುಂಬು. ದಿನ ಬಿಟ್ಟು ದಿನ ಅದನ್ನು ಎತ್ತು. ವಾರ ವಾರಕ್ಕೂ ಒಂದೊಂದು ಬೊಗಸೆ ಮರಳು ಸೇರಿಸು. ಬಿಡುವಿನ ದಿನ ಸುಮ್ಮನಿರು. ಹೊಟ್ಟೆ ತುಂಬ ತಿನ್ನು. ಮೊದಲು ಬಲ ಬರುತ್ತದೆ, ಮೈ ಆಮೇಲೆ."

ನೇಕಾರ ಮನೆಗೆ ಬಂದು ಎಲ್ಲವನ್ನೂ ಅಕ್ಕನಿಗೆ ಹೇಳಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆ ಮನೆಯಲ್ಲಿದ್ದುದು ಇಬ್ಬರಿಗಾಗುವಷ್ಟು ರಾಗಿ, ಒಂದು ಆಡಿನ ಹಾಲು.

ಅಂದಿನಿಂದ ತಮ್ಮನ ತಟ್ಟೆಯಲ್ಲಿ ಮುದ್ದೆ ದೊಡ್ಡದಾಯಿತು. ಆಡಿನ ಹಾಲೆಲ್ಲ ಅವನ ಲೋಟಕ್ಕೆ ಬಂತು. "ನಿನಗೆ?" ಎಂದು ಅವನು ಮೊದಮೊದಲು ಕೇಳಿದ. "ಬೇಯಿಸ್ತಾ ಬೇಯಿಸ್ತಾನೇ ನನ್ನದು ಆಯ್ತು," ಎಂದಳು. ಆಮೇಲೆ ಅವನು ಕೇಳಲಿಲ್ಲ.

ಮರಳು ಚೀಲ ಅವನನ್ನು ಪ್ರತಿ ವಾರವೂ ಹಿಂಡುತ್ತಿತ್ತು. ಆದರೆ ಅಕ್ಕ ಹಗುರವಾಗುತ್ತಾ ಬಂದಳು. ಅವನು ಲೆಕ್ಕ ಹಾಕಿದ. ಚೀಲದ ಭಾರ ವಾರಕ್ಕೊಮ್ಮೆ ಬದಲಾಗುತ್ತದೆ, ಅದನ್ನು ನಂಬಿ ನನ್ನ ಬಲ ತಿಳಿಯಲಾಗದು. ಅಕ್ಕನ ಭಾರ ಮಾತ್ರ ಇದ್ದ ಹಾಗೇ ಇರುತ್ತದೆ. ನನ್ನ ಬಲಕ್ಕೆ ಅವಳೇ ಸರಿಯಾದ ಅಳತೆ.

ಹೀಗೆಂದುಕೊಂಡು ಹಿಗ್ಗಿದ. ದಿನ ಕಳೆದಂತೆ ಅವನ ಭುಜ ಅಗಲವಾಯಿತು. ಅಂಗಿ ಬೆನ್ನಿನ ಹೊಲಿಗೆಯಲ್ಲಿ ಬಿಚ್ಚಿಕೊಂಡಿತು. ಬೀದಿಯವರು, "ಮಗ್ಗ ಯಾರಿಗಾದರೂ ಮಾರಿ ಕುಸ್ತಿಗೆ ಹೋಗಯ್ಯಾ," ಎಂದು ತಮಾಷೆ ಮಾಡಿದರು. ಅಕ್ಕ ಅವನ ಅಂಗಿಗೆ ಹೊಲಿಗೆ ಹಾಕುತ್ತಾ, ಬಟ್ಟೆ ಸಾಲದೆ ತನ್ನ ರವಿಕೆಯ ಕಂಕುಳ ಹೊಲಿಗೆ ಬಿಚ್ಚಿ ಅಲ್ಲಿನ ತುಂಡು ಸೇರಿಸಿದಳು. ಆ ರವಿಕೆ ಅವಳಿಗೆ ಆಗಲೇ ದೊಗಲೆಯಾಗಿತ್ತು.

ಒಂದು ದಿನ ಅವನು ಅಕ್ಕನನ್ನು ಒಂದೇ ತೋಳಿನಲ್ಲಿ ಎತ್ತಿದ. ಆ ದಿನವೇ ತೆಂಗಿನಕಾಯಿ, ತಾನೇ ನೇಯ್ದ ಪಂಚೆ ತೆಗೆದುಕೊಂಡು, ಅಕ್ಕನನ್ನು ಎತ್ತಿಕೊಂಡೇ ಬೀದಿಯುದ್ದಕ್ಕೂ ನಡೆದು ಗರಡಿಯ ಬಾಗಿಲಿಗೆ ಬಂದ. ವಸ್ತಾದ ಹೊರಗೆ ಬಂದ. "ನೋಡಿ," ಎಂದ ನೇಕಾರ.

"ಎಲ್ಲಿ, ಕೊಡು," ಎಂದು ವಸ್ತಾದ ಅವಳನ್ನು ತನ್ನ ಕೈಗೆ ತೆಗೆದುಕೊಂಡ. ಅವನು ಬದುಕಿನುದ್ದಕ್ಕೂ ಭಾರ ಎತ್ತಿದವನು. ಅವಳನ್ನು ತೋಳಿನಲ್ಲೇ ಒಮ್ಮೆ ತೂಗಿ ನೋಡಿದ. ಆಮೇಲೆ ಅವಳನ್ನು ಮೆಲ್ಲಗೆ ಜಗಲಿಯ ಮೇಲೆ ಕೂರಿಸಿದ.

"ತಾಯೀ, ಯಾವಾಗಿನಿಂದ?" ಎಂದು ಕೇಳಿದ.

ಅವಳು ಸಿಕ್ಕಿಬಿದ್ದವಳಂತೆ ನಕ್ಕಳು. "ಇವನೊಬ್ಬನೇ ಯಾಕೆ ಕಷ್ಟಪಡಬೇಕು ಬುದ್ಧಿ? ಎರಡು ಕಡೆಯಿಂದಲೂ ಮಾಡಿದರೆ ಕೆಲಸ ಬೇಗ ಆಗುತ್ತಲ್ವಾ?"

ನೇಕಾರನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಆ ದೊಡ್ಡ ತೋಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಕೊನೆಗೆ ಪಂಚೆಯನ್ನು ಮುಂದೆ ಹಿಡಿದ. ವಸ್ತಾದ ಅದನ್ನು ಮುಟ್ಟಲಿಲ್ಲ. "ನಿನ್ನ ಪಾಠದ ಕಾಣಿಕೆ ಆಗಲೇ ಸಂದಿದೆ," ಎಂದ.

ಅಂದಿನಿಂದ ನೇಕಾರ ಅಕ್ಕನ ಎದುರು ಕುಳಿತು, ಅವಳು ಉಂಡ ಮೇಲೆ ಉಂಡ. ಆದರೆ ಅವಳ ಹೊಟ್ಟೆ ಅನ್ನವನ್ನು ಮರೆತಿತ್ತು. ಎರಡು ತುತ್ತಿಗೆ ಸಾಕು ಎನ್ನುತ್ತಿತ್ತು. ಅವಳು ಒಂದು ಮಳೆಗಾಲ ಕಂಡಳು, ಮುಂದಿನದನ್ನು ಕಾಣಲಿಲ್ಲ. ಹೊರಲು ನಾಲ್ಕು ಜನ ಬಂದಿದ್ದರು. ಬೇಕಾಗಲಿಲ್ಲ. ಅವನೊಬ್ಬನೇ ಸಾಕಾದ.

ಮಾಯಣ್ಣ ಕತೆ ನಿಲ್ಲಿಸಿದರು. ಮಂಜು ಕರಗಿ ಬಾಗಿಲಲ್ಲಿ ಸಣ್ಣಗೆ ಬಿಸಿಲು ಬಿದ್ದಿತ್ತು. ಜವರ ಬಸ್ಕಿ ಬಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಷಡಕ್ಷರಿ ಖಾಲಿ ಚೊಂಬನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ.

"ಅವನು ಕೇಳಬೇಕಾಗಿತ್ತು, ಕೇಳಲಿಲ್ಲ," ಎಂದ. "ನಮ್ಮ ಮನೇಲಿ ಹಾಗಿಲ್ಲ ವಸ್ತಾದರೆ. ನಮ್ಮತ್ತಿಗೆ ನಮಗೆಲ್ಲ ಬಡಿಸಿ, ಆಮೇಲೆ ಒಳಗೆ ನೆಮ್ಮದಿಯಾಗಿ ಊಟ ಮಾಡ್ತಾರೆ."

ಮಾಯಣ್ಣ ಎದ್ದು ಸಲಿಕೆ ಕೈಗೆ ತೆಗೆದುಕೊಂಡರು.

"ನಿನ್ನೆ ರಾತ್ರಿ ಏನು ಊಟ ಮಾಡಿದರು?"

ಷಡಕ್ಷರಿಗೆ ತನ್ನ ತಟ್ಟೆ ನೆನಪಿತ್ತು. ಬಿಸಿ ರೊಟ್ಟಿ, ಬೆಣ್ಣೆ, ನೆನೆಸಿದ ಕಡಲೆ, ಕೊನೆಗೆ ಹಾಲು, ಎಲ್ಲವೂ ನೆನಪಿತ್ತು. ಅತ್ತಿಗೆಯ ತಟ್ಟೆಯನ್ನು ಅವನು ನೋಡಿಯೇ ಇರಲಿಲ್ಲ. ಚೊಂಬಿನ ಅಂಚಿನಲ್ಲಿ ಹಾಲಿನ ಕೆನೆ ಇನ್ನೂ ಅಂಟಿಕೊಂಡಿತ್ತು.