ಎದೆ ಬಿಟ್ಟುಕೊಟ್ಟ ಉಸಿರು

ನೌಕೆಯ ಹೊರಗೆ ಅಂತರಿಕ್ಷದಲ್ಲಿ ದುರಸ್ತಿ ಮಾಡುತ್ತಿದ್ದವನ ಉಡುಗೆ ಹರಿದು, ಒಳಗಿನ ಗಾಳಿಯೆಲ್ಲ ಸೋರಿಹೋಯಿತು. ಬಾಗಿಲು ಎರಡು ಮಾರು ದೂರವಿತ್ತು.

"ಬಾಯಕ್ಕಾ, ಬೇಗ ಮುಚ್ಚಿಕೋ!" ಎಂದು ಎದೆ ಕೂಗಿತು. "ದಿನವೂ ಪ್ರಾಣಾಯಾಮದಲ್ಲಿ ಉಸಿರು ಕಟ್ಟಿ ಪಳಗಿದವನು ನಾನು. ಇದೊಂದನ್ನು ಬಿಡಲಾರೆ."

"ಅಲ್ಲಿ ಭೂಮಿಯ ಮೇಲೆ ಸುತ್ತಲಿನ ಗಾಳಿ ನಿನ್ನನ್ನು ಒತ್ತಿ ಹಿಡಿದಿತ್ತಪ್ಪಾ. ಇಲ್ಲಿ ಒತ್ತುವವರಿಲ್ಲ, ಒಳಗಿನ ಉಸಿರೇ ಹಿಗ್ಗಿ ನಿನ್ನನ್ನು ಸೀಳುತ್ತದೆ," ಎಂದಿತು ಬಾಯಿ. ಗಾಳಿಯ ಒತ್ತಡವಿಲ್ಲದೆ ನಾಲಿಗೆಯ ಮೇಲಿನ ಎಂಜಲು ಆಗಲೇ ಕುದಿಯುತ್ತಿತ್ತು. "ಕಟ್ಟುವುದನ್ನಷ್ಟೇ ಕಲಿತೆಯಾ? ಬಿಡುವುದನ್ನು ಗುರುಗಳು ಹೇಳಿಕೊಡಲಿಲ್ಲವಾ?"

"ಬಿಟ್ಟರೆ ನನ್ನಲ್ಲಿ ಉಳಿಯುವುದೇನು?"

"ನೀನು."

ಎದೆ ಬಿರಿಯುವಂತೆ ನೋಯತೊಡಗಿತು. ದೇವರನ್ನು ನೆನೆದು ಉಸಿರನ್ನು ಬಿಟ್ಟುಕೊಟ್ಟಿತು. ಕಣ್ಣಿಗೆ ಕತ್ತಲೆ ಕವಿಯುವಷ್ಟರಲ್ಲಿ ಕೈ ನೌಕೆಯ ಮೈ ಹಿಡಿದು ಸರಿಯುತ್ತಾ ಬಾಗಿಲನ್ನು ತಲುಪಿ ದೇಹವನ್ನು ಒಳಗೆಳೆದುಕೊಂಡಿತು. ಬಾಗಿಲು ಮುಚ್ಚಿ ಹೊಸ ಗಾಳಿ ನುಗ್ಗಿದಾಗ, ಅದನ್ನು ಬರಮಾಡಿಕೊಳ್ಳಲು ಎದೆ ಇಡಿಯಾಗಿತ್ತು.