ದೊಡ್ಡೀರನ ಸಕ್ಕರೆ ಉಪಚಾರ

ಒಂದೂರಲ್ಲಿ ಕೆಂಪಾಜಮ್ಮ ಅಂತ ಒಬ್ಬ ನರ್ಸಮ್ಮ ಇದ್ದಳು. ಕೈಗುಣ ಅಂದರೆ ಅವಳದೇ ಕೈಗುಣ! ಮಗ ದೊಡ್ಡೀರ ಮಾತ್ರ ಶುದ್ಧ ಪೆದ್ದ. ಕೂತ್ಕೋ ಅಂದರೆ, ಏಳು ಅನ್ನೋವರೆಗೂ ಕೂತೇ ಇರೋನು. "ಅಯ್ಯೋ ಶಿವನೇ, ಇವನಿಗೆ ಯಾರು ಹೆಣ್ಣು ಕೊಟ್ಟಾರು?" ಅಂತ ಅವಳ ಕೊರಗು.

ಒಂದಿನ ಅಂದಳು, "ಕುಂಬಾರ ಚೌಡಯ್ಯನಿಗೆ ಮಂಡಿನೋವು. ಹೋದ ತಕ್ಷಣ ಈ ಮಾತ್ರೆ ನುಂಗಿಸು, ಮರೀಬೇಡ!"

ದೊಡ್ಡೀರ ಓಡಿದ. ಚೌಡಯ್ಯ ಇನ್ನೂ ಹಲ್ಲುಜ್ಜುತ್ತಿದ್ದ. ಬಾಯಿ ತೊಳೆಯೋಕೂ ಬಿಡದೆ ನುಂಗಿಸಿದ. ಹೊಟ್ಟೆ ಉರಿ ಹತ್ತಿ ಚೌಡಯ್ಯ ಅಂಗಳದಲ್ಲೆಲ್ಲ ಹೊರಳಾಡಿದ.

"ಲೇ ದಡ್ಡ! ಮೊದಲು ಹೊಟ್ಟೆಗೇನಾದರೂ ತಿನ್ನಿಸಬೇಕು ಕಣೋ!" ಅಂತ ಅವ್ವ ಬೈದಳು.

"ಹ್ಞೂಂ ಕಣವ್ವ, ಇನ್ಮೇಲೆ ಹಂಗೇ."

ಆಮೇಲೊಂದು ಬೆಳಿಗ್ಗೆ, "ಚೌಡಯ್ಯನ ರಕ್ತ ಪರೀಕ್ಷೆ ಇದೆ, ಕರಕೊಂಡು ಬಾ" ಅಂದಳು. ದೊಡ್ಡೀರ ಮೊದಲು ಮುದ್ದೆ ತಿನ್ನಿಸಿದ, ಸಾರು ಕುಡಿಸಿದ, ಆಮೇಲೆ ಕರಕೊಂಡು ಬಂದ.

"ಲೇ ದಡ್ಡ! ಖಾಲಿ ಹೊಟ್ಟೇಲಿ ಬರಬೇಕು ಕಣೋ! ಒಂದು ತುತ್ತೂ ಬಾಯಿಗೆ ಹಾಕಬಾರದು!"

"ಹ್ಞೂಂ ಕಣವ್ವ, ಇನ್ಮೇಲೆ ಹಂಗೇ."

ಮರುದಿನ ಪರೀಕ್ಷೆಯಾಯಿತು. ಸಕ್ಕರೆ ಕಾಯಿಲೆ! ಡಾಕ್ಟರು ಊಟಕ್ಕೆ ಮುಂಚೆ ಇನ್ಸುಲಿನ್ ಬರೆದರು. ಕೆಂಪಾಜಮ್ಮ ಮಗನ ಜೊತೆ ಚೌಡಯ್ಯನ ಮನೆಗೇ ಹೋಗಿ ಸೂಜಿ ಚುಚ್ಚಿ, "ಈಗಲೇ ಊಟ ಮಾಡು ಚೌಡಯ್ಯ" ಅಂತ ಹೇಳಿ, ಮಗನನ್ನ ಅಲ್ಲೇ ಕೂರಿಸಿ ಪಕ್ಕದ ಮನೆ ಬಾಣಂತಿ ನೋಡೋಕೆ ಹೋದಳು. ಚೌಡಯ್ಯ ತಟ್ಟೆ ಎಳಕೊಂಡ. ದೊಡ್ಡೀರ ಕಿತ್ತುಕೊಂಡ!

"ಒಂದು ತುತ್ತೂ ಹಾಕಬಾರದು! ಅವ್ವ ಹೇಳವ್ಳೆ!"

ಎಳೆದಾಟದಲ್ಲೇ ಹೊತ್ತು ಹೋಯಿತು. ಚೌಡಯ್ಯನ ಕೈ ನಡುಗಿತು, ಮುಖ ಬೆವೆತಿತು. "ಕಣ್ಣು ಕತ್ತಲೆ ಬತ್ತದೆ ಕಣಪ್ಪಾ..." ಅಂದ. ದೊಡ್ಡೀರನಿಗೆ ಜೀವ ಬಾಯಿಗೆ ಬಂತು. "ಅವ್ವಾ!" ಅಂತ ಕಿರುಚಿದ. ಅವಳು ಓಡಿ ಬಂದು ಸಕ್ಕರೆ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಚೌಡಯ್ಯ ಸುಧಾರಿಸಿಕೊಂಡು ತಟ್ಟೆ ಕೇಳಿದ.

"ಲೇ ದಡ್ಡ! ಸೂಜಿ ಚುಚ್ಚಿದ ಮೇಲೆ ಊಟ ತಪ್ಪಿದರೆ ಪ್ರಾಣವೇ ಹೋಗ್ತದೆ! ಕೈ ನಡುಗಿ ಮುಖ ಬೆವೆತರೆ ತಕ್ಷಣ ಸಕ್ಕರೆ ಕೊಡಬೇಕು ಕಣೋ!"

"ಹ್ಞೂಂ ಕಣವ್ವ," ಕಣ್ಣೊರೆಸಿಕೊಂಡ ದೊಡ್ಡೀರ, "ಇನ್ಮೇಲೆ ಹಂಗೇ."

ಕೊನೆಗೂ ಒಂದು ಸಂಬಂಧ ಕೂಡಿಬಂತು. ತಾಯಿ ಮಗ ಹೆಣ್ಣು ನೋಡೋಕೆ ಹೋದರು. ಹುಡುಗಿ ದೇವೀರಮ್ಮ ಕಾಫಿ ತಂದಳು. ನಾಚಿಕೆಗೆ ಕೈ ನಡುಗಿತು, ಮುಖ ಬೆವೆತಿತು, ಲೋಟಗಳು ಗಲಗಲ ಅಂದವು.

"ಅಯ್ಯಯ್ಯೋ!" ದೊಡ್ಡೀರ ಎಗರಿ ಎದ್ದ, ಅಡುಗೆಮನೆಗೆ ನುಗ್ಗಿದ, ಸಕ್ಕರೆ ಡಬ್ಬ ತಂದು ಒಂದು ಹಿಡಿ ಅವಳ ಬಾಯಿಗೆ ತುರುಕೇಬಿಟ್ಟ!

ಕಾಫಿಯೆಲ್ಲ ನೆಲದ ಪಾಲು. ಕೆಂಪಾಜಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ದೇವೀರಮ್ಮ ಸಕ್ಕರೆ ನುಂಗಿ, ಹೊಟ್ಟೆ ಹಿಡಕೊಂಡು ನಕ್ಕಳು. "ಅಪ್ಪಯ್ಯ, ನಂಗೆ ಒಪ್ಪಿಗೆ!"

ಸಂತೋಷಕ್ಕೆ ಅಪ್ಪಯ್ಯನ ಕೈ ನಡುಗಿತು, ಹಣೆ ಬೆವೆತಿತು.

ದೊಡ್ಡೀರ ಆಗಲೇ ಇನ್ನೊಂದು ಹಿಡಿ ತುಂಬಿಕೊಂಡು ಹೊರಟಿದ್ದ!