ಹುಡುಗಿಯ ಒಪ್ಪಿಗೆ

"ಗುರುಗಳೇ, ವಿಚ್ಛೇದನ ಕೂಡದೆಂದು ಬೋಧಿಸುವ ಧರ್ಮಸಭೆ, ಆಗಿಹೋದ ಮದುವೆಯನ್ನು ಆಗಲೇ ಇಲ್ಲವೆಂದು ಸಾರುವುದು ಹೇಗೆ? ಇದು ಹಿಂಬಾಗಿಲ ವಿಚ್ಛೇದನವಲ್ಲವೇ?"

ಕೇಳಿದವನು ಸಿಪ್ರಿಯನ್, ಇನ್ನೊಂದು ವರ್ಷಕ್ಕೆ ಪಾದ್ರಿಯಾಗಬೇಕಾದವನು. ಅವನ ತಂಗಿ ಸೆವ್ರಿನ್ ತನ್ನ ಮದುವೆ ಅಸಿಂಧುವೆಂದು ಸಾರಬೇಕೆಂದು ಧರ್ಮಸಭೆಯ ನ್ಯಾಯಪೀಠಕ್ಕೆ ಅರ್ಜಿ ಕೊಟ್ಟಿದ್ದಳು. ಸಾಕ್ಷಿ ಹೇಳಲು ಬಾ ಎಂದು ಅವನಿಗೆ ಪತ್ರ ಬಂದಿತ್ತು. ತಂಗಿಯ ಮೇಲೆ ಪ್ರೀತಿಯಿಲ್ಲವೆಂದಲ್ಲ, ಅಪ್ಪನ ಮಾನ ಬೀದಿಗೆ ಬರುತ್ತದಲ್ಲ ಎಂಬ ಹೆದರಿಕೆ. ಹೋಗಬಾರದೆಂದು ಆಗಲೇ ನಿಶ್ಚಯಿಸಿದ್ದ. ಗುರುಗಳೂ ಸರಿ ಅಂದುಬಿಟ್ಟರೆ ಮನಸ್ಸು ಹಗುರಾಗುತ್ತದೆಂದು ಬಂದಿದ್ದ.

"ಕೂತುಕೋ ಮಾರಾಯ, ಒಂದು ಕತೆ ಕೇಳು" ಎಂದರು ಮುದಿ ಗುರು ಬೊನಿಫಾಸ್ ಸ್ವಾಮಿ.

ಒಬ್ಬ ರೈತನಿದ್ದ. ಭಾರೀ ಭಕ್ತ, ಒಂದು ಭಾನುವಾರವೂ ಪೂಜೆ ತಪ್ಪಿಸಿದವನಲ್ಲ. ಮಗಳನ್ನು ಒಬ್ಬ ವ್ಯಾಪಾರಿಗೆ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟ. ಮಗಳು ಒಲ್ಲೆನೆಂದಳು. ಒಪ್ಪದಿದ್ದರೆ ನಿನ್ನ ತಾಯಿಯನ್ನೂ ಮನೆಯಿಂದ ಹೊರಗೆ ಹಾಕುತ್ತೇನೆಂದು ಗದರಿದ.

ಮದುವೆಗೆ ಮುಂಚೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ, ಸ್ವಂತ ಮನಸ್ಸಿನಿಂದ ಒಪ್ಪಿದ್ದೀಯಾ ಎಂದು ಪಾದ್ರಿ ಕೇಳಬೇಕು, ಅದು ನಮ್ಮ ಕ್ರಮ; ಬಲವಂತದ ಒಪ್ಪಿಗೆಯಿಂದ ಮದುವೆ ಆಗುವುದೇ ಇಲ್ಲ. ಆ ಊರಿನ ಪಾದ್ರಿಯೂ ಕೇಳಿದರು. ಬಾಗಿಲ ಆಚೆ ಅಪ್ಪನೂ ಅಣ್ಣನೂ ನಿಂತಿದ್ದರು. ಹುಡುಗಿ ಬಾಗಿಲ ಕಡೆ ನೋಡಿ ಹೌದು ಅಂದಳು. ಪಾದ್ರಿ ಹಾಗೇ ಬರೆದುಕೊಂಡರು. ಪಾಪ, ಅವರಿಗೂ ಊಟದ ಹೊತ್ತಾಗಿತ್ತು.

ಏಳು ವರ್ಷ ನರಳಿ ಅವಳು ನ್ಯಾಯಪೀಠದ ಮುಂದೆ ಬಂದು ನಿಂತಳು. ರೈತ ಎದೆಯುಬ್ಬಿಸಿ ಕೇಳಿದ: "ದೇವರು ಹಾಕಿದ ಗಂಟನ್ನು ಬಿಚ್ಚಲು ನೀವು ಯಾರು?"

"ಹಾಕಿದ್ದು ದೇವರೋ ನೀನೋ, ಅದನ್ನು ತಿಳಿಯುವುದಕ್ಕೇ ಕೂತಿದ್ದೇವೆ" ಅಂದರು ನ್ಯಾಯಾಧೀಶರು.

ತಿಳಿಸುವವರು ಬೇಕಲ್ಲ. ತಾಯಿ ತೀರಿಕೊಂಡಿದ್ದಳು. ಕಾಗದದಲ್ಲಿ ಹೌದು ಅಂತಲೇ ಇತ್ತು. ಅಣ್ಣ ಬರಲೇ ಇಲ್ಲ. ಸಾಕ್ಷಿಯಿಲ್ಲದೆ ಅರ್ಜಿ ಬಿದ್ದುಹೋಯಿತು. ಹುಡುಗಿ ಅತ್ತಳೋ ಇಲ್ಲವೋ, ಯಾರೂ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.  ಆದರೂ ಸಿಪ್ರಿಯನ್ ಪಟ್ಟು ಬಿಡಲಿಲ್ಲ.

"ಅಂತೂ ಮದುವೆಯ ಪಾವಿತ್ರ್ಯ ಉಳಿಯಿತಲ್ಲ, ಗುರುಗಳೇ."

ಬೊನಿಫಾಸ್ ಸ್ವಾಮಿ ಅವನ ಮುಖವನ್ನೇ ನೋಡುತ್ತ ಕೇಳಿದರು:

"ಸೆವ್ರಿನ್ ಹೌದು ಅಂದ ದಿನ ನೀನು ಎಲ್ಲಿ ನಿಂತಿದ್ದೆಯಪ್ಪಾ?"